ನೆಪೋಲಿಯನ್ ಸಿಂಹಾಸನಕ್ಕೆ ರೋಮ್ ಏಕೆ ಬೇಕಾಯಿತು?

ಪ್ರಶ್ನೆ: ನೆಪೋಲಿಯನ್ ಆಳಿದ್ದು ಫ್ರಾನ್ಸನ್ನು. ಅವನ ಸಿಂಹಾಸನ, ದರ್ಬಾರಿನ ಚಿತ್ರಗಳಲ್ಲಿ ಮಾತ್ರ ಹದ್ದು, ಲಾರೆಲ್ ಮಾಲೆ, ಎಲ್ಲವೂ ರೋಮನ್ನರದು. ಫ್ರಾನ್ಸಿಗೇ ನೂರಾರು ವರ್ಷಗಳ ರಾಜಪರಂಪರೆ ಇತ್ತಲ್ಲ, ಅದನ್ನೇಕೆ ಬಿಟ್ಟರು?

ಉತ್ತರ: ಆ ಪರಂಪರೆಯನ್ನು ಅವನು ಮುಟ್ಟುವ ಹಾಗಿರಲಿಲ್ಲ. 1793ರ ಜನವರಿಯಲ್ಲಿ 16ನೇ ಲೂಯಿಯ ತಲೆ ಕಡಿದ ದೇಶ ಅದು. ಹನ್ನೊಂದೇ ವರ್ಷಗಳ ಮೇಲೆ, 1804ರಲ್ಲಿ, ಅಲ್ಲಿಯೇ ಒಬ್ಬ ಸೇನಾನಿ ಪಟ್ಟಕ್ಕೇರಬೇಕಿತ್ತು. ಲೂಯಿಯ ವಂಶದ ಬೂರ್ಬನ್ ರಾಜರ ಲಾಂಛನವಾದ ಲಿಲಿ ಹೂವನ್ನೇ ಕೆತ್ತಿಸಿಕೊಂಡಿದ್ದರೆ ಇನ್ನೊಬ್ಬರ ಆಸನದಲ್ಲಿ ಕೂತವನೆನಿಸುತ್ತಿದ್ದ. ಅದಕ್ಕೇ 'ರಾಜ' ಎಂಬ ಹೆಸರನ್ನೂ ದೂರವಿಟ್ಟು 'ಫ್ರೆಂಚರ ಚಕ್ರವರ್ತಿ' ಎಂದು ಕರೆಸಿಕೊಂಡ. ಯುರೋಪಿನಲ್ಲಿ ಚಕ್ರವರ್ತಿ ಎಂದರೆ ಮೊದಲು ನೆನಪಾಗುವುದು ರೋಮ್.

ಈ ಆಸೆಗೆ ರೂಪ ಕೊಟ್ಟವರು ಪೆರ್ಸಿಯೆ ಮತ್ತು ಫೊಂಟೇನ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು. ಇಬ್ಬರೂ ಎಳೆಯ ವಯಸ್ಸಿನಲ್ಲಿ ರೋಮಿನಲ್ಲಿದ್ದು, ಹಳೆಯ ಅವಶೇಷಗಳ ಮುಂದೆ ಕೂತು ಚಿತ್ರ ಬರೆದುಕೊಂಡವರು. ಹರ್ಕ್ಯುಲೇನಿಯಮ್, ಪಾಂಪೇಯಿಗಳ ಉತ್ಖನನದಿಂದಾಗಿ ರೋಮನ್ನರ ಮನೆ, ಪೀಠೋಪಕರಣಗಳ ಪರಿಚಯವೂ ಆಗ ಯುರೋಪಿಗೆ ಹೊಸದಾಗಿ ಆಗಿತ್ತು. 15ನೇ ಲೂಯಿಯ ಕಾಲದ ಕುರ್ಚಿಗಳು ಬಳ್ಳಿಯಂತೆ ಬಾಗಿ ಬಳುಕುತ್ತವೆ. ಇವರು ಆ ಬಳುಕನ್ನೆಲ್ಲ ತೆಗೆದರು. ನೇರ ಗೆರೆ, ಎಡಬಲಕ್ಕೆ ಒಂದೇ ತೂಕ, ಅಮೃತಶಿಲೆಯ ಪೀಠದ ಗಟ್ಟಿತನ. ಅದನ್ನು ಮರದಲ್ಲಿ ಕೆತ್ತಿ ಚಿನ್ನದ ಲೇಪ ಕೊಟ್ಟದ್ದು ಝಾಕೋಬ್-ದೆಮಾಲ್ತೆರ್ ಕಾರ್ಯಾಗಾರ.

ನನ್ನ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ಸಿಂಹಾಸನದ ದುಂಡನೆಯ ಬೆನ್ನಿನ ಮೇಲೆ. ಫ್ರೆಂಚ್ ಚಿತ್ರಕಾರ ಆಂಗ್ರ್ 1806ರಲ್ಲಿ ಬರೆದ ಚಿತ್ರದಲ್ಲಿ ಆ ಚಿನ್ನದ ವೃತ್ತ ನೆಪೋಲಿಯನ್ನನ ತಲೆಯ ಹಿಂದೆ ಸರಿಯಾಗಿ ಬಂದು ಕೂರುತ್ತದೆ. ನಮ್ಮ ಕಣ್ಣಿಗೆ ಅದು ಉತ್ಸವಮೂರ್ತಿಯ ಹಿಂದಿನ ಪ್ರಭಾವಳಿಯೇ. ಎದುರಿಗೆ ನೇರ ದಿಟ್ಟಿಸಿ, ರಾಜದಂಡ ಹಿಡಿದು ಕೂತ ಭಂಗಿ ಗ್ರೀಕ್ ಶಿಲ್ಪಿ ಫಿಡಿಯಾಸ್ ಒಲಿಂಪಿಯಾದಲ್ಲಿ ಮಾಡಿದ್ದ, ಗ್ರೀಕರ ದೇವರಾಜ ಜ್ಯೂಸ್‌ನ ಮೂರ್ತಿಯನ್ನು ನೆನಪಿಸುತ್ತದೆ. ಪಾದದ ಕೆಳಗಿನ ನೆಲಹಾಸಿನಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಅದು ಜ್ಯೂಸನ ಪಕ್ಷಿ, ರೋಮನ್ ಸೈನ್ಯದ ಲಾಂಛನವೂ ಹೌದು. ಆಗಿನ ವಿಮರ್ಶಕರಿಗೆ ಈ ಚಿತ್ರ ಹಿಡಿಸಲಿಲ್ಲ.

ಎಲ್ಲವೂ ರೋಮಿನದೇ ಅಲ್ಲ. ಅವನ ಪಟ್ಟಾಭಿಷೇಕದ ನಿಲುವಂಗಿಯ ತುಂಬ ಇರುವ ಚಿನ್ನದ ಜೇನುನೊಣಗಳು 5ನೇ ಶತಮಾನದ ಫ್ರಾಂಕ್ ಬುಡಕಟ್ಟಿನ ರಾಜ ಚಿಲ್ಡೆರಿಕನ ಸಮಾಧಿಯಿಂದ ಪ್ರೇರಣೆ ಪಡೆದವು. 1653ರಲ್ಲಿ ಅದನ್ನು ಅಗೆದಾಗ ಇಂಥ ಪುಟ್ಟ ಚಿನ್ನದ ಕೀಟಗಳು ಸಿಕ್ಕಿದ್ದವು. ಬೂರ್ಬನ್ನರಿಗಿಂತ ಹಿಂದಕ್ಕೆ ಹೋಗಿ ಬೇರು ಹುಡುಕಿದ್ದಾನೆ!

ವಂಶದ ಸಿಂಹಾಸನವಿಲ್ಲದೆ ಆಳಿದ ಇನ್ನೊಬ್ಬ ಅದೇ ಕಾಲದಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿದ್ದ. ಟಿಪ್ಪು ಮಾಡಿಸಿದ ಸಿಂಹಾಸನದಲ್ಲಿ ಸಿಂಹವಿರಲಿಲ್ಲ, ಹುಲಿ ಇತ್ತು. ಮೇಲೆ ಪರ್ಷಿಯನ್ ಕಥೆಗಳ ರತ್ನಖಚಿತ ಹುಮಾ ಪಕ್ಷಿ. 1799ರ ಆರಂಭದಲ್ಲಿ ನೆಪೋಲಿಯನ್ ಕೈರೋದಿಂದ ಅವನಿಗೆ ಬರೆದ ಪತ್ರ ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಅದೇ ವರ್ಷ ಮೇ 4ರಂದು ಟಿಪ್ಪು ಮಡಿದ. ಗೆದ್ದ ಸೈನ್ಯ ಹಂಚಿಕೊಳ್ಳಲೆಂದು ಸಿಂಹಾಸನವನ್ನು ಒಡೆದು ತುಂಡು ಮಾಡಿತು. ಹುಲಿಯ ತಲೆ ಈಗಲೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ.

ನೆಪೋಲಿಯನ್ನನ ಸಿಂಹಾಸನವನ್ನು ಅದರದೇ ಜಾಗದಲ್ಲಿ ನೋಡಬೇಕೆಂದರೆ ಪ್ಯಾರಿಸ್ ಬಳಿಯ ಫೊಂಟೇನ್‌ಬ್ಲೋ ಅರಮನೆಗೆ ಹೋಗಬೇಕು. ಸಿಂಹಾಸನವಿರುವುದು ಮೊದಲು ಬೂರ್ಬನ್ ರಾಜರು ಮಲಗುತ್ತಿದ್ದ ಕೋಣೆಯಲ್ಲಿ. 1808ರಲ್ಲಿ ಅಲ್ಲಿ ಸಿಂಹಾಸನ ಬಂತು. ಹಳೆಯ ರಾಜರ ಚಿನ್ನದ ಚಾವಣಿಯನ್ನು ಮಾತ್ರ ಅವನು ಕಿತ್ತು ಹಾಕಿಸಲಿಲ್ಲ.