15 ಸಾವಿರಕ್ಕೆ ಫ್ಲೆಮಿಂಗೊ ಹತ್ತಿರ ಬರುತ್ತಾ?

ಪ್ರಶ್ನೆ: ನನ್ನ ಹತ್ತಿರ ಕ್ಯಾನನ್ 1500ಡಿ ಇದೆ, ಜೊತೆಗೆ ಬಂದ 18-55 ಲೆನ್ಸ್ ಒಂದೇ. ಮುಂಬೈನ ಶಿವಡಿ ಕಡಲತೀರಕ್ಕೆ ಹೋಗಿ ಫ್ಲೆಮಿಂಗೊ ತೆಗೆದರೆ ಗುಲಾಬಿ ಚುಕ್ಕೆ ಥರ ಬರುತ್ತೆ. ಬಜೆಟ್ 15 ಸಾವಿರ. 75-300 ಲೆನ್ಸ್ ತಗೊಳ್ಳಲಾ? (ಡೊಂಬಿವಲಿಯ ಓದುಗರು)

ಬೇಡ. ಆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ 55-250 ಐಎಸ್ ಎಸ್‌ಟಿಎಂ ಹುಡುಕಿ (ಐಎಸ್ ಅಂದರೆ ಕೈ ನಡುಕ ತಡೆಯುವ ವ್ಯವಸ್ಥೆ, ಎಸ್‌ಟಿಎಂ ಅಂದರೆ ಫೋಕಸ್ ಮಾಡುವ ಮೋಟಾರಿನ ಒಂದು ಬಗೆ). ಈ ಸಂಖ್ಯೆ (ಎಂಎಂ) ದೊಡ್ಡದಾದಷ್ಟೂ ಹಕ್ಕಿ ಹತ್ತಿರ ಕಾಣುತ್ತದೆ, ಹಾಗಾಗಿ ಡಬ್ಬದ ಮೇಲೆ 300 ಅಂತ ಕಂಡರೆ ಆಸೆ ಆಗುವುದು ಸಹಜ. ಆದರೆ ಆ ಹೆಚ್ಚಿನ 50 ಎಂಎಂನಿಂದ ಎಷ್ಟು ಸಿಗುತ್ತದೆ, ಒಂದು ಸಲ ಲೆಕ್ಕ ಹಾಕಿ ನೋಡೋಣ.

ನಮ್ಮ ಕಡಲ ಕೆಸರಿಗೆ ಬರುವುದರಲ್ಲಿ ಸಣ್ಣ ಜಾತಿಯ ಫ್ಲೆಮಿಂಗೊಗಳೇ ಜಾಸ್ತಿ. ನಿಂತರೆ ಸುಮಾರು 90 ಸೆಂಟಿಮೀಟರ್ ಎತ್ತರ. ಹಕ್ಕಿ 100 ಮೀಟರ್ ದೂರದಲ್ಲಿದ್ದರೆ, 250ರಲ್ಲಿ ಫ್ರೇಮಿನ ಎತ್ತರದ ನೂರಕ್ಕೆ 15 ಪಾಲು ತುಂಬುತ್ತದೆ. 300ರಲ್ಲಿ 18 ಪಾಲು. ಅಷ್ಟೇ. ಅದೇ ಹಕ್ಕಿ 30 ಮೀಟರಿಗೆ ಬಂದರೆ 250ರಲ್ಲೇ ಅರ್ಧ ಫ್ರೇಮ್ ತುಂಬಿಬಿಡುತ್ತದೆ. ಅಷ್ಟು ಹತ್ತಿರ ತರುವ ಕೆಲಸವನ್ನು ಸಮುದ್ರವೇ ಮಾಡಿಕೊಡುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

75-300ರಲ್ಲಿ ಆ ಐಎಸ್ ಇಲ್ಲ. ನಿಮ್ಮ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಹಾಗಾಗಿ ಎಂಎಂ ಅನ್ನು 1.6ರಿಂದ ಗುಣಿಸಬೇಕು. 300 ಅಂದರೆ 480 ಆಯಿತು. ಅದೇ ಲೆಕ್ಕದಲ್ಲಿ, ಕೈಯಲ್ಲಿ ಹಿಡಿದು ತೆಗೆಯಲು 1/500 ಸೆಕೆಂಡ್ ಶಟರ್ ಬೇಕೇ ಬೇಕು. ಬೆಳಕು ಸ್ವಲ್ಪ ಕಮ್ಮಿಯಾದರೂ ಫೋಟೊ ಅಲುಗುತ್ತದೆ. ಮೇಲಾಗಿ ಆ ಲೆನ್ಸ್ 300ರ ತುದಿಯಲ್ಲಿ ಮಂಕು. 55-250ರಲ್ಲಿ ಐಎಸ್ ಇದೆ, ತುದಿಯವರೆಗೂ ಚೂಪಾಗಿದೆ, ತೂಕ ಬರೀ 375 ಗ್ರಾಂ. ಒಂದು ನೆನಪಿಡಿ: ಐಎಸ್ ನಿಮ್ಮ ಕೈಯನ್ನು ಹಿಡಿದು ನಿಲ್ಲಿಸುತ್ತದೆ, ಹಕ್ಕಿಯ ರೆಕ್ಕೆಯನ್ನು ನಿಲ್ಲಿಸುವುದಿಲ್ಲ. ಹಾರುವಾಗ 1/1000ಕ್ಕಿಂತ ಕೆಳಗೆ ಇಳಿಯಬೇಡಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ ಬಿಡಿ.

55-250 ಅಂತ ಕೇಳಿದರೆ ಅಂಗಡಿಯಲ್ಲಿ ಮೂರು ಥರದ್ದು ಸಿಗುತ್ತದೆ. ಐಎಸ್, ಐಎಸ್ 2, ಮತ್ತೆ 2013ರಲ್ಲಿ ಬಂದ ಎಸ್‌ಟಿಎಂ. ಮೊದಲ ಎರಡು ಇನ್ನೂ ಅಗ್ಗ, ಆದರೆ ಫೋಕಸ್ ನಿಧಾನ, ಸದ್ದು ಬೇರೆ. ಲೆನ್ಸ್ ಮೇಲೆ ಎಸ್‌ಟಿಎಂ ಅನ್ನುವ ಮೂರು ಅಕ್ಷರ ಇದೆಯಾ ಅಂತ ನೀವೇ ಓದಿ ನೋಡಿ.

ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರಿನ ಬೋರಾ ಬಜಾರ್ ಕಡೆ ಕ್ಯಾಮೆರಾ ಅಂಗಡಿಗಳು ಸಾಲಾಗಿವೆ. ಹೋಗುವಾಗ ನಿಮ್ಮ ಕ್ಯಾಮೆರಾ ತಗೊಂಡು ಹೋಗಿ. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ, ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಕಣ ಇದ್ದರೆ ಚಿಂತೆ ಇಲ್ಲ. ಜೇಡರ ಬಲೆ ಥರ ತೆಳ್ಳಗೆ ಎಳೆ ಹರಡಿದ್ದರೆ ಅದು ಫಂಗಸ್, ವಾಪಸ್ ಕೊಟ್ಟುಬಿಡಿ. ಹಿಂದೊಮ್ಮೆ ಜುಲೈ ಮಳೆಯಲ್ಲಿ ಗಡಿಬಿಡಿಯಿಂದ ಒಂದು ಹಳೇ ಲೆನ್ಸ್ ತಂದಿದ್ದೆ. ಟಾರ್ಚ್ ಹಾಕಿ ನೋಡಲೇ ಇಲ್ಲ. ಬಿಸಿಲಿಗೆ ಎದುರಾಗಿ ತೆಗೆದ ಪ್ರತಿ ಫೋಟೊಗೂ ಹಾಲು ಚೆಲ್ಲಿದ ಹಾಗೆ ಕಾಣುತ್ತಿತ್ತು. ಆ ದುಡ್ಡು ಹೋದದ್ದಕ್ಕೆ ಈಗಲೂ ಬೇಜಾರಿದೆ. ಆಮೇಲೆ 250ಕ್ಕೆ ಝೂಮ್ ಮಾಡಿ, ರಸ್ತೆ ಆಚೆಯ ಯಾವುದಾದರೂ ಬೋರ್ಡ್ ತೆಗೆಯಿರಿ, ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬಿಡುವ ಕಿಂಡಿ) ಎಫ್ 5.6ರಲ್ಲಿರಲಿ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿದಾಗ ಎಡ ಬಲ ಎರಡೂ ಬದಿಯ ಅಕ್ಷರ ಒಂದೇ ಥರ ಚೂಪಾಗಿರಬೇಕು. ಒಂದು ಬದಿ ಮಾತ್ರ ಮಸುಕಾಗಿದ್ದರೆ ಆ ಲೆನ್ಸ್ ಎಲ್ಲೋ ಬಿದ್ದು ಎದ್ದಿದೆ. ಕೊಂಡ ಮೇಲೆ ಮಳೆಗಾಲದಲ್ಲಿ ಬ್ಯಾಗಿನಲ್ಲಿ ಮುಚ್ಚಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಸಾಕು.

ನಿಕಾನ್ ಇರುವವರಿಗೆ ಎರಡು ಮಾತು. ಎಎಫ್-ಪಿ 70-300 ಒಳ್ಳೆಯದು, ಆದರೆ ಹೆಸರಲ್ಲಿ ವಿಆರ್ (ನಿಕಾನ್‌ನವರ ಐಎಸ್) ಇರುವುದನ್ನೇ ಕೇಳಿ. ಡಿ3200, ಡಿ5100ರಂಥ ಹಳೇ ಕ್ಯಾಮೆರಾಗಳಲ್ಲಿ ಅದು ಕೆಲಸ ಮಾಡುವುದಿಲ್ಲ.

ಇದೇ ಲೆನ್ಸ್‌ನಲ್ಲಿ ಮಾಟುಂಗಾದ ಮೈಸೂರು ಅಸೋಸಿಯೇಷನ್ ಹಾಲ್‌ನ ಯಕ್ಷಗಾನ ತೆಗೆಯಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಕಷ್ಟ. ವೇಷಧಾರಿ ಗಿರಕಿ ಹೊಡೆಯುವಾಗ ಎಫ್ 5.6ರ ಬೆಳಕು ಸಾಲದು. ಅದಕ್ಕೆ ಎಫ್ 1.8ರ 50 ಎಂಎಂ ಹಾಕಿ, ಮುಂದಿನ ಸಾಲಲ್ಲಿ ಕೂರಿ.

ಈಗ ಸಮುದ್ರದ ವಿಷಯ. ಫ್ಲೆಮಿಂಗೊ ಮೇಯುವುದು ನೀರು ಇಳಿದ ಕೆಸರಿನಲ್ಲಿ. ಪೂರ್ತಿ ಇಳಿತದ ಹೊತ್ತಿಗೆ ಹೋದರೆ ಅವು ಎಲ್ಲೋ ದೂರದಲ್ಲಿರುತ್ತವೆ, 600 ಎಂಎಂ ಇದ್ದರೂ ಸುಮ್ನೆ. ಭರತ (ಉಬ್ಬರ) ಏರುತ್ತಾ ಬಂದ ಹಾಗೆ ಒಂದೊಂದೇ ಹೆಜ್ಜೆ ದಡದ ಕಡೆ ಸರಿಯುತ್ತವೆ. ನಡು ಮಧ್ಯಾಹ್ನ ಬೇಡ. ಕಾದ ಕೆಸರಿನಿಂದ ಏಳುವ ಬಿಸಿ ಗಾಳಿಯಲ್ಲಿ ಹಕ್ಕಿ ನೀರೊಳಗೆ ಇದ್ದ ಹಾಗೆ ನಡುಗುತ್ತದೆ, ಅದಕ್ಕೆ ಯಾವ ಲೆನ್ಸೂ ಮದ್ದಲ್ಲ. ಶಿವಡಿ ಜೆಟ್ಟಿಯಲ್ಲಿ ನಿಂತರೆ ನಮ್ಮ ಮುಖ ಪೂರ್ವಕ್ಕೆ. ಬೆಳಿಗ್ಗೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ, ಸಂಜೆ ಬೆನ್ನ ಹಿಂದಿರುತ್ತಾನೆ, ಆಗಲೇ ಗುಲಾಬಿ ಬಣ್ಣ ಚೆನ್ನಾಗಿ ಏಳುವುದು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಚಳಿಗಾಲದಿಂದ ಮೇ ತನಕ, ಸಂಜೆ 5ರ ಆಸುಪಾಸು ಭರತ ಇರುವ ಭಾನುವಾರ ಯಾವುದು ಅಂತ ಮೊದಲೇ ನೋಡಿಟ್ಟುಕೊಂಡು, 3 ಗಂಟೆಗೆ ಅಲ್ಲಿ ನಿಂತಿರಿ.