ಬ್ಯಾಟರಿ ಬದಲಿಸುವ ಮೊದಲು ಒಂದು ರಾತ್ರಿ ಕಾಯಿರಿ

ಮಳೆ ಹಿಡಿದು ಎರಡು ವಾರ ಆಗುತ್ತಿದ್ದಂತೆ ನಮ್ಮ ಶೆಡ್ಡಿನ ಫೋನು ಬೆಳಗ್ಗೆ ಏಳಕ್ಕೇ ಹೊಡೆದುಕೊಳ್ಳುತ್ತದೆ. "ಸೆಲ್ಫ್ ತಗೊಳ್ತಿಲ್ಲ, ಬರೀ ಕಟ ಕಟ ಅಂತಿದೆ." ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ ಕಡೆಯವರೇ ಜಾಸ್ತಿ. ತೋಟದ ಮನೆಯ ಕಾರು ಅಲ್ವಾ, ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು.

ಹೋದ ವರ್ಷ ಹಾಗೇ ಒಬ್ಬ ಗೌಡರು ಬಂದರು. ಪಕ್ಕದ ತೋಟದವರ ಜೀಪಿನಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿಸಿಕೊಂಡು ಚಿಕ್ಕಮಗಳೂರಿಗೆ ತಂದಿದ್ದರು. ಇಂಜಿನ್ ಆಫ್ ಮಾಡೋಕೂ ಭಯ. "ಏನಪ್ಪಾ, ವರ್ಷದೊಳಗೆ ಇದು ಎರಡನೇ ಬ್ಯಾಟರಿ. ಇದೂ ಡೂಪ್ಲಿಕೇಟಾ?"

ಬ್ಯಾಟರಿ ಇಳಿಯುವುದಕ್ಕೆ ಕಾರಣ ಮೂರೇ. ಬ್ಯಾಟರಿಗೆ ಹಿಡಿದಿಡುವ ಶಕ್ತಿ ಇಲ್ಲ, ಇಂಜಿನ್ ಓಡುವಾಗ ಚಾರ್ಜ್ ಕೊಡುವ ಡೈನಮೋ (ಆಲ್ಟರ್ನೇಟರ್) ತುಂಬಿಸುತ್ತಿಲ್ಲ, ಇಲ್ಲವೇ ಕಾರು ನಿಂತಿದ್ದಾಗ ಯಾವುದೋ ಒಂದು ಕದ್ದು ಕುಡಿಯುತ್ತಿದೆ. ಮೊದಲೆರಡನ್ನು ನೋಡಲು ವೋಲ್ಟೇಜ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಒಂದಿದ್ದರೆ ಸಾಕು, ನೀವೇ ಮನೆಯಲ್ಲಿ ನೋಡಬಹುದು. ಕಾರು ನಿಲ್ಲಿಸಿದ ತಕ್ಷಣ ಮೀಟರ್ ಇಡಬೇಡಿ. ಆಗತಾನೇ ಚಾರ್ಜ್ ಆದ ಬ್ಯಾಟರಿ ಸುಳ್ಳು ಹೇಳುತ್ತದೆ. ರಾತ್ರಿ ಕಳೆಯಲಿ. ಬೆಳಗ್ಗೆ ಬಾನೆಟ್ ಎತ್ತಿ ಅಳೆದಾಗ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಹೆಚ್ಚುಕಡಿಮೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಖಾಲಿಯಾಗುತ್ತಾ ಬಂದಿದೆ. ಸೆಲ್ಫ್ ಹೊಡೆಯುವಾಗ ಇನ್ನೊಬ್ಬರಿಗೆ ಮೀಟರ್ ನೋಡಲು ಹೇಳಿ. ತುಂಬಿದ ಬ್ಯಾಟರಿಯೂ 9.6ಕ್ಕಿಂತ ಕೆಳಗೆ ಕುಸಿದರೆ ಅದರ ಆಯುಸ್ಸು ಮುಗಿಯಿತು ಎಂದೇ ನಾನು ಲೆಕ್ಕ ಹಾಕುವುದು. ಇಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಬಂದರೆ ಡೈನಮೋ ಕೆಲಸ ಮಾಡುತ್ತಿದೆ.

ಇಂಜಿನ್ ಓಡುತ್ತಿರುವಾಗಲೇ ಟರ್ಮಿನಲ್ ಕಿತ್ತು, "ಆಫ್ ಆಗ್ಲಿಲ್ಲ ನೋಡಿ, ಡೈನಮೋ ಚೆನ್ನಾಗಿದೆ" ಅನ್ನುವವರು ಈಗಲೂ ಇದ್ದಾರೆ. ಹಳೇ ಗಾಡಿಗಳ ಕಾಲದ ಪರೀಕ್ಷೆ ಅದು. ಈಗಿನ ಕಾರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಹಾರಿ ಡೈನಮೋ ಡಯೋಡ್, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಸುಟ್ಟುಹೋಗಬಹುದು. ಯಾರಾದರೂ ಹಾಗೆ ಕೈ ಹಾಕಿದರೆ ತಡೆಯಿರಿ, ಸಂಕೋಚ ಬೇಡ.

ಗೌಡರ ಕಾರಿಗೆ ರಾತ್ರಿಯಿಡೀ ಚಾರ್ಜ್ ಕೊಟ್ಟು, ಟರ್ಮಿನಲ್ ಕಳಚಿ ಇಟ್ಟೆವು. ಮಾರನೇ ದಿನ ಸಂಜೆಯೂ 12.6. ಡೈನಮೋ 14.2. ಅಂದರೆ ಎರಡೂ ಸರಿ. ಟರ್ಮಿನಲ್ ಮೇಲೆ ಉಪ್ಪಿನಂಥ ಬಿಳಿ ಪುಡಿ ಇತ್ತು. ಮಲೆನಾಡಿನ ತೇವಕ್ಕೆ ಅದು ಮಾಮೂಲಿ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದೆವು. ಉಳಿದದ್ದು ಕಳ್ಳ.

ಕಳ್ಳನನ್ನು ಹಿಡಿಯುವುದು ತಾಳ್ಮೆಯ ಕೆಲಸ. ನೆಗೆಟಿವ್ ಕೇಬಲ್ ಕಳಚಿ, ಮೀಟರನ್ನು 10 ಆಂಪಿಯರ್ ಸಾಕೆಟ್ಟಿಗೆ ಹಾಕಿ, ಕೇಬಲ್ಲಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಸೇರಿಸಬೇಕು. ಈ ಸ್ಥಿತಿಯಲ್ಲಿ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಡ್ರೈವರ್ ಬಾಗಿಲು ತೆರೆದಿಟ್ಟು ಅದರ ಲಾಕನ್ನು ಸ್ಕ್ರೂ ಡ್ರೈವರಿನಿಂದ ಒತ್ತಿ ಕಾರಿಗೆ ಮೋಸ ಮಾಡುತ್ತೇನೆ. ಬಾಗಿಲು ಹಾಕಿದೆ ಅಂದುಕೊಳ್ಳುತ್ತದೆ. ಫ್ಯೂಸ್ ಕೀಳಲು ಆಮೇಲೆ ಬಾಗಿಲು ತೆಗೆದರೆ ಇಡೀ ಕಾರೇ ಮತ್ತೆ ಎಚ್ಚರವಾಗುತ್ತದೆ, ಅದಕ್ಕೆ ಈ ಉಪಾಯ. ಬಟನ್ ಸ್ಟಾರ್ಟ್ ಕಾರಾದರೆ ಕೀಯನ್ನು ದೂರ ಇಡಬೇಕು. ಮೊದಲು ಮೂರು ನಾಲ್ಕು ಆಂಪಿಯರ್ ತೋರಿಸಿದರೂ ಗಾಬರಿ ಬೇಡ. ಕಾರಿನೊಳಗಿನ ಕಂಪ್ಯೂಟರುಗಳು ಒಂದೊಂದಾಗಿ ಮಲಗಬೇಕು. ಅರ್ಧ ಗಂಟೆ ಕೊಡಿ. ಒಂದು ಕಾಫಿ ಆಗುತ್ತದೆ.

ಮಲಗಿದ ಕಾರು 20ರಿಂದ 50 ಮಿಲಿ ಆಂಪಿಯರ್ ಎಳೆದರೆ ತಕರಾರಿಲ್ಲ. ಗಡಿಯಾರ, ಸೆಂಟ್ರಲ್ ಲಾಕ್ ಬದುಕಿರಬೇಕಲ್ಲ. ಗೌಡರ ಕಾರು 180ರಲ್ಲಿ ನಿಂತುಬಿಟ್ಟಿತು. ಕೇಳಲು ಸಣ್ಣದು. ಆದರೆ ದಿನಕ್ಕೆ 4.3 ಆಂಪಿಯರ್ ಅವರ್ ಆಯಿತು. ಅವರದು ತುಂಬಿದಾಗ 35 ಆಂಪಿಯರ್ ಅವರ್ ಹಿಡಿಯುವ ಬ್ಯಾಟರಿ. ನಾಲ್ಕು ದಿನಕ್ಕೆ ಅರ್ಧ ಖಾಲಿ. ಅವರು ಪೇಟೆಗೆ ಬರುವುದು ವಾರಕ್ಕೊಮ್ಮೆ.

ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ನೋಡುತ್ತಾ ಹೋದೆ. ಸ್ಟೀರಿಂಗ್ ಕೆಳಗಿನ ಡಬ್ಬಿ ಮುಗಿಯಿತು, ಬಾನೆಟ್ ಒಳಗಿನದೂ ಮುಗಿಯಿತು. ಸಂಖ್ಯೆ ಹೆಚ್ಚು ಕದಲಲಿಲ್ಲ. ಹಾಗಾದಾಗ ಎರಡೇ ಅನುಮಾನ: ಡೈನಮೋ ಡಯೋಡ್ ಸೋರುತ್ತಿರಬೇಕು, ಇಲ್ಲವೇ ಯಾರೋ ಬ್ಯಾಟರಿಯಿಂದಲೇ ನೇರ ತಂತಿ ಎಳೆದಿರಬೇಕು. ಪಾಸಿಟಿವ್ ಕೇಬಲ್ ಜೊತೆ ಒಂದು ಕೆಂಪು ವೈರು ಇನ್ಸುಲೇಷನ್ ಟೇಪು ಸುತ್ತಿಕೊಂಡು ಹೆಡ್‌ಲೈಟ್ ಹಿಂದೆ ಹೋಗಿತ್ತು. ಹಿಂಬಾಲಿಸಿದೆ. ತುದಿಯಲ್ಲಿ ಒಂದು ರಿಲೇ, ಅಂದರೆ ಕಾಯಿಲ್‌ಗೆ ಸಣ್ಣ ಕರೆಂಟ್ ಕೊಟ್ಟರೆ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು. ಮುಟ್ಟಿದರೆ ಬೆಚ್ಚಗಿದೆ! ಹೊರಗೆ ಜಡಿಮಳೆ, ಇಂಜಿನ್ ಮೈ ತಣ್ಣಗೆ, ಈ ಪುಟ್ಟ ಡಬ್ಬಿ ಮಾತ್ರ ಬೆಕ್ಕಿನ ಮರಿ ಥರ ಬೆಚ್ಚಗೆ.

"ಅದು ಫಾಗ್ ಲ್ಯಾಂಪಿಂದು. ಚಾರ್ಮಾಡಿ ಮಂಜಿಗೆ ಅಂತ ಹಾಕ್ಸಿದ್ದೆ. ಹೋದ ವರ್ಷವೇ ಕೆಟ್ಟೋಗಿದೆ, ಸರಿ ಮಾಡಿಸ್ಲೇ ಇಲ್ಲ" ಅಂದರು ಗೌಡರು.

ಕೆಟ್ಟದ್ದು ಬಲ್ಬು, ಎರಡೂ ಸುಟ್ಟಿದ್ದವು. ಡ್ಯಾಶ್‌ಬೋರ್ಡ್ ಕೆಳಗಿನ ಸ್ವಿಚ್ಚು ಮಾತ್ರ ಮೊಣಕಾಲು ತಾಗಿಯೋ ಏನೋ ಆನ್ ಆಗಿಯೇ ಇತ್ತು. ಬೆಳಕು ಬರದಿದ್ದರೆ ಯಾರಿಗೆ ಗೊತ್ತಾಗಬೇಕು? ರಿಲೇಯ ಕಾಯಿಲ್ ಹಗಲೂ ರಾತ್ರಿ ಕರೆಂಟ್ ಎಳೆಯುತ್ತಾ ಕೂತಿತ್ತು. ಸ್ವಿಚ್ ಆಫ್ ಮಾಡಿದೆ. ಮೀಟರ್ 30ಕ್ಕೆ ಇಳಿಯಿತು. ವೈರಿಂಗ್ ಬದಲಿಸಿ, ಕೀ ಆನ್ ಇದ್ದಾಗ ಮಾತ್ರ ರಿಲೇಗೆ ಕರೆಂಟ್ ಹೋಗುವಂತೆ ಮಾಡಿಕೊಟ್ಟೆ. ಹೊರಗಿನಿಂದ ಹಾಕಿಸಿದ ಸ್ಟೀರಿಯೋ, ಡ್ಯಾಶ್‌ಕ್ಯಾಮ್, ಜಿಪಿಎಸ್ ಇದ್ದರೂ ಮೊದಲು ಅಲ್ಲೇ ಹುಡುಕಿ. ಡಿಕ್ಕಿಯ 5 ವ್ಯಾಟ್ ದೀಪ ಆರದೆ ಉಳಿದರೂ ದಿನಕ್ಕೆ 10 ಆಂಪಿಯರ್ ಅವರ್ ಹೋಗುತ್ತದೆ.

ಗೌಡರ ಮೊದಲ ಬ್ಯಾಟರಿ ಡೂಪ್ಲಿಕೇಟ್ ಆಗಿರಲಿಲ್ಲ ಅಂತಲೇ ನನ್ನ ಅನುಮಾನ. ಖಾಲಿ ಬ್ಯಾಟರಿ ಹಾಗೇ ನಿಂತರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪೂರ್ತಿ ಹಿಡಿಯುವುದಿಲ್ಲ. ಹೊಸದನ್ನೂ ಹೀಗೆ ನಾಲ್ಕು ಸಲ ಖಾಲಿ ಮಾಡಿದರೆ ಅದೂ ಹಳೆಯದೇ.

ಮಳೆಗಾಲದಲ್ಲಿ ಎರಡು ಮೂರು ವಾರ ಕಾರು ತೆಗೆಯುವುದಿಲ್ಲ ಅನ್ನುವವರು ನೆಗೆಟಿವ್ ಟರ್ಮಿನಲ್ ಕಳಚಿಡಿ. ಸುಮ್ನೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದಕ್ಕಿಂತ ಅದು ವಾಸಿ. ಆದರೆ ಮೊದಲು ರಿಮೋಟಿನೊಳಗಿನ ಲೋಹದ ಕೀ ಬಾಗಿಲಿನ ತೂತಿನಲ್ಲಿ ತಿರುಗುತ್ತದಾ ನೋಡಿಕೊಳ್ಳಿ. ವರ್ಷಗಟ್ಟಲೆ ಬಳಸದೆ ಅದು ಜಾಮ್ ಆಗಿರುತ್ತದೆ, ಬ್ಯಾಟರಿ ಇಲ್ಲದಾಗ ರಿಮೋಟ್ ಕೆಲಸಕ್ಕೆ ಬರುವುದಿಲ್ಲ.