ಕುದ್ರು ಅಂದರೆ ಏನು?

ಉಪ್ಪಿನಕುದ್ರು, ತಿಮ್ಮಣ್ಣಕುದ್ರು. ಉಡುಪಿ, ಕುಂದಾಪುರದ ಕಡೆ ಇಂಥ ಹೆಸರಿನ ಊರುಗಳು ತುಂಬ ಇವೆ. ಕುದ್ರು ಅಂದರೆ ಸುತ್ತಲೂ ಹೊಳೆ ಇರುವ ನೆಲ. ಉತ್ತರ ಕನ್ನಡಕ್ಕೆ ಹೋದರೆ ಇದೇ ‘ಕುರ್ವೆ’ ಆಗುತ್ತದೆ: ಹೊನ್ನಾವರದ ಮಾವಿನಕುರ್ವೆ, ಕುಮಟಾದ ಐಗಳಕುರ್ವೆ. ಮಂಗಳೂರಿನ ಹತ್ತಿರ ‘ಉಳಿಯ’ ಅಂತಲೂ ಕರೆಯುತ್ತಾರೆ.

ದ್ವೀಪ ಅಂದ ಕೂಡಲೇ ಕಡಲಿನ ನಡುವಿನ ಬಂಡೆ ನೆನಪಾಗುತ್ತದೆ, ಅಲ್ವಾ? ಕುದ್ರು ಹಾಗಲ್ಲ. ಅದು ಹೊಳೆಯೇ ತಂದು ಹಾಕಿದ ಮಣ್ಣು. ಘಟ್ಟದಿಂದ ಓಡಿ ಬಂದ ನೀರು ಅಳಿವೆ ಹತ್ತಿರ, ಅಂದರೆ ಹೊಳೆ ಕಡಲು ಸೇರುವ ಕಡೆ, ನಿಧಾನವಾಗುತ್ತದೆ. ಎದುರಿನಿಂದ ಕಡಲಿನ ಉಬ್ಬರ ಬೇರೆ ತಡೆಯುತ್ತದೆ. ಹೊತ್ತು ತಂದ ಮರಳು, ಕೆಸರು ಅಲ್ಲೇ ಕೂರುತ್ತದೆ. ಅಂಚಿನಲ್ಲಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ ಬೇರು ಬಿಟ್ಟರೆ ಮಣ್ಣು ಹಿಡಿದು ನಿಲ್ಲುತ್ತದೆ.

ಕೆಲವು ಕುದ್ರುಗಳಲ್ಲಿ ದೊಡ್ಡ ಊರೇ ಇದೆ. ಕೆಲವದರಲ್ಲಿ ನಾಲ್ಕೈದು ಮನೆ, ಉಳಿದದ್ದೆಲ್ಲ ತೆಂಗು. ಇಲ್ಲಿನ ದಿನಚರಿ ನಡೆಯುವುದು ಗಡಿಯಾರಕ್ಕಿಂತ ಜಾಸ್ತಿ ನೀರಿನ ಲೆಕ್ಕದಲ್ಲಿ. ಸುಮಾರು 6 ಗಂಟೆ ಉಬ್ಬರ, 6 ಗಂಟೆ ಇಳಿತ. ಇಳಿತದ ಹೊತ್ತಿಗೆ ಹೆಂಗಸರು ಸೊಂಟಮಟ್ಟದ ನೀರಿಗೆ ಇಳಿಯುತ್ತಾರೆ. ಪಾದದಲ್ಲಿ ಕೆಸರು ತಡವುತ್ತಾರೆ, ಗಟ್ಟಿಯಾಗಿ ಏನಾದರೂ ತಾಗಿದರೆ ಬಗ್ಗಿ ಹೆಕ್ಕಿ ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಾರೆ. ಅದು ಮರುವಾಯಿ ಎಂಬ ಚಿಪ್ಪುಮೀನು, ಕುಮಟಾ ಕಡೆಯವರ ಬಳಚು. ಮನೆಯ ಸಾರಿಗೂ ಅದೇ, ಪೇಟೆಯ ದುಡ್ಡಿಗೂ ಅದೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕುಮಟಾದ ಅಘನಾಶಿನಿ ಹೊಳೆಯ ಗಜನಿ ಗದ್ದೆ, ಅಂದರೆ ಉಬ್ಬರದ ಉಪ್ಪುನೀರು ಬರುವ ಗದ್ದೆ. ಅಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರು ತಾಳುತ್ತದೆ, ಗೊಬ್ಬರ ಕೇಳುವುದಿಲ್ಲ. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಲ್ಲೇ ಬಿಡುತ್ತಾರೆ. ಆಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಒಂದೇ ನೆಲ ಅನ್ನವನ್ನೂ ಕೊಡುತ್ತದೆ, ಮೀನುಸಾರನ್ನೂ ಕೊಡುತ್ತದೆ!

ಕಷ್ಟವೂ ಇದೆ. ಸುತ್ತ ನೀರಿದ್ದರೂ ಬೇಸಿಗೆಯಲ್ಲಿ ಬಾವಿ ಉಪ್ಪಾಗುತ್ತದೆ. ಸೇತುವೆ ಇಲ್ಲದ ಕಡೆ ಕಾಯಿಲೆಯಾದವರನ್ನೂ ದೋಣಿಯಲ್ಲೇ ದಾಟಿಸಬೇಕು. ಮರಳು ತೆಗೆಯುವುದಂತೂ ಕುದ್ರುವಿನ ಬುಡಕ್ಕೇ ಕೈ ಹಾಕಿದ ಹಾಗೆ. ಹೊಳೆಯ ತಳ ಆಳವಾದಂತೆ ದಂಡೆ ಕುಸಿಯುತ್ತದೆ, ತೆಂಗಿನ ಮರ ನೀರಿಗೆ ಬೀಳುತ್ತದೆ. ನೇತ್ರಾವತಿಯ ಪಾವೂರು ಉಳಿಯದ ಜನ ಇದನ್ನು ಕಣ್ಣಾರೆ ಕಂಡಿದ್ದಾರೆ. ಅವರು ಬೇಸಿಗೆಗೆ ತಾವೇ ಒಂದು ಕಾಲುಸಂಕ ಕಟ್ಟಿಕೊಂಡು, ಮಳೆಗೆ ಮುಂಚೆ ಬಿಚ್ಚಿಟ್ಟು, ಮತ್ತೆ ದೋಣಿ ಹತ್ತುತ್ತಾರೆ.